ಮೂರು ತೂತಿನ ಸಾಕ್ಷಿ

ಅವಳಿಗೆ ಜರಡಿ ಅಂತ ಹೆಸರಿಟ್ಟವನು ಅವಳ ಅಪ್ಪ. ಇಟ್ಟದ್ದು ಬೈಗುಳವಾಗಿ, ಉಳಿದದ್ದು ಮುದ್ದಿನ ಹೆಸರಾಗಿ. ಮೊದಲು ರಸಾಯನಶಾಸ್ತ್ರ, ಆಮೇಲೆ ಕಾನೂನು ಓದಿ ಕೊನೆಗೆ ಅಪ್ಪನ ಹಾಗೆಯೇ ನೋಟರಿಯಾದ ಮಗಳು, ಕೆಲಸಕ್ಕೆ ಕೂತ ಹೊಸತರಲ್ಲಿ ಅಪ್ಪ ಬರೆಸಿದ ಒಂದು ಅಫಿಡವಿಟ್ಟನ್ನು ತಿದ್ದಿ ತಿದ್ದಿ ಅರ್ಧಕ್ಕಿಳಿಸಿದ್ದಳು. "ನಾನು ಮೊರದ ತುಂಬ ಮಾತು ಸುರಿದರೆ ಕೆಳಗೆ ಬೀಳೋದು ಒಂದು ಹಿಡಿ. ನೀನು ಮಗಳಲ್ಲ ಕಣೇ, ಜರಡಿ" ಅಂದಿದ್ದ ಅಪ್ಪ. ಅಂದವನು ಮಾರನೆಯ ದಿನ ಆ ಅರ್ಧ ಪುಟವನ್ನೇ ಮುದ್ರೆಗೆ ತೆಗೆದುಕೊಂಡ.

ಜರಡಿಯ ಪದ್ಧತಿ ಸರಳವಾಗಿತ್ತು. ಯಾರು ಏನೇ ಹೇಳಲಿ, ಅದನ್ನು ಮೂರು ಗುಡ್ಡೆ ಮಾಡುವುದು: ಕಂಡದ್ದು, ಕೇಳಿದ್ದು, ಅಂದುಕೊಂಡದ್ದು. ಕಂಡದ್ದನ್ನು ಬರೆಯುವುದು. ಕೇಳಿದ್ದನ್ನು ಯಾರಿಂದ ಕೇಳಿದ್ದು ಅಂತ ಸೇರಿಸಿ ಬರೆಯುವುದು. ಅಂದುಕೊಂಡದ್ದನ್ನು ಎಷ್ಟೇ ಚೆನ್ನಾಗಿದ್ದರೂ ಆಚೆ ಹಾಕುವುದು. ಪ್ರಯೋಗಾಲಯದಲ್ಲಿ ಕಲಿತ ಅಭ್ಯಾಸ ಅದು. ಬಣ್ಣ ನೀಲಿಗೆ ತಿರುಗಿತು ಅಂತ ಬರೆಯಬಹುದು. ತಾಮ್ರ ಇದ್ದಿರಬೇಕು ಅಂತ ಅದೇ ಸಾಲಿನಲ್ಲಿ ಬರೆಯುವ ಹಾಗಿಲ್ಲ.

ಈಗ ಅವಳ ಕಚೇರಿಯೆಂದರೆ ಮನೆಯ ಬೀದಿ ಕಡೆಯ ಕೋಣೆ. ಒಂದು ಬಿಳಿ ಮೇಜು, ಎರಡು ಕಂಪ್ಯೂಟರ್ ತೆರೆ, ಕತ್ತು ಬಗ್ಗಿಸಿ ನೋಡುವ ಒಂದು ದೀಪ, ಅದರ ಪಕ್ಕದಲ್ಲೇ ಕತ್ತು ಬಗ್ಗಿಸಿ ನೋಡುವ ಒಂದು ಕ್ಯಾಮೆರಾ. ಕಾಗದ ಸಿದ್ಧ ಮಾಡುವುದು, ತಿದ್ದುವುದು, ಪ್ರಮಾಣ ಮಾಡಿಸುವುದು, ಮುದ್ರೆ ಹಾಕುವುದು, ಎಲ್ಲವೂ ಆ ತೆರೆಯ ಮೇಲೆಯೇ. ಜನ ಎಲ್ಲೆಲ್ಲಿಂದಲೋ ಬರುತ್ತಿದ್ದರು. ಒಬ್ಬ ನಿಂತ ಲಾರಿಯೊಳಗಿಂದ, ಒಬ್ಬಾಕೆ ಒಲೆಯ ಮುಂದಿನಿಂದ. ಹೆಸರು ಬದಲಾಯಿಸಿಕೊಳ್ಳಲು ಬಂದವನೊಬ್ಬ ಕ್ಷೌರದ ಕುರ್ಚಿಯಲ್ಲಿ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು ಕೂತಿದ್ದ. "ಗುರುತಿನ ಚೀಟಿಯಲ್ಲಿ ಇಡೀ ಮುಖ ಇದೆಯಲ್ಲಪ್ಪ, ಮಿಕ್ಕರ್ಧ ತೊಳೆದುಕೊಂಡು ಬಾ" ಅಂತ ಅವನನ್ನು ವಾಪಸು ಕಳಿಸಿದ್ದಳು.

ಅಪ್ಪನಿಗೆ ಈ ಮುದ್ರೆಯ ಬಗ್ಗೆ ಅಸಮಾಧಾನವಿತ್ತು. "ಧಪ್ ಅನ್ನಲ್ಲ, ಕೈಗೆ ಮಸಿ ಹತ್ತಲ್ಲ. ಬೆಕ್ಕು ನಡೆದ ಹಾಗೆ ಬಂದು ಕೂತುಬಿಡುತ್ತೆ. ಇದೆಂಥ ಮುದ್ರೆಯೇ?"

ಅವನ ಕಾಲದ ಮುದ್ರೆ ಹಿತ್ತಾಳೆಯದು. ಆದರೆ ಅವನು ಅದನ್ನೂ ಪೂರ್ತಿ ನಂಬಿದವನಲ್ಲ. ಹಿತ್ತಾಳೆಯನ್ನು ಯಾರು ಬೇಕಾದರೂ ಕೊರೆಸಬಹುದು, ಸಹಿಯನ್ನು ಯಾರು ಬೇಕಾದರೂ ತಿದ್ದಿ ಕಲಿಯಬಹುದು ಅನ್ನುತ್ತಿದ್ದ. ಹಾಗಾಗಿ ಅವನದೇ ಒಂದು ಪದ್ಧತಿ ಮಾಡಿಕೊಂಡಿದ್ದ. ಎಷ್ಟು ಹಾಳೆಯಿದ್ದರೂ ಒಟ್ಟಿಗೆ ಜೋಡಿಸಿ, ಅಂಚು ತಟ್ಟಿ, ಸಹಿಯ ಪಕ್ಕದಲ್ಲಿ ದಬ್ಬಣದಿಂದ, ಅಂದರೆ ಗೋಣಿ ಹೊಲಿಯುವ ದಪ್ಪ ಸೂಜಿಯಿಂದ, ಮೂರು ತೂತು ಚುಚ್ಚುತ್ತಿದ್ದ. ಎಲ್ಲ ಹಾಳೆಗಳನ್ನೂ ದಾಟಿ ಹೋಗುವ ಮೂರು ತೂತು. ಅಳತೆ ಹಿಡಿದು ಚುಚ್ಚಿದ್ದಲ್ಲವಾದ್ದರಿಂದ ಒಂದು ಕಾಗದದ ತೂತುಗಳ ಅಂತರ ಇನ್ನೊಂದರದ್ದಕ್ಕೆ ಹೊಂದುತ್ತಿರಲಿಲ್ಲ. ಯಾರಾದರೂ ನಡುವಿನ ಹಾಳೆ ಬದಲಿಸಿದರೆ ತೂತಿಗೆ ತೂತು ಕೂಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ಜರಡಿ ಆ ಕಾಗದಗಳನ್ನು ಕಿಟಕಿಗೆ ಹಿಡಿದು ಬೆಳಕಿನ ಮೂರು ಚುಕ್ಕಿ ನೋಡುತ್ತಿದ್ದಳು. ದಬ್ಬಣ ಮಾತ್ರ ಅಮ್ಮನ ಹೊಲಿಗೆ ಡಬ್ಬಿಯದು. ಒಂದು ದಿನದ ಮಟ್ಟಿಗೆ ಅಂತ ತೆಗೆದುಕೊಂಡು ಹೋದದ್ದು ಅವನ ನಿವೃತ್ತಿಯಾದ ಮೇಲೂ ವಾಪಸು ಬರಲಿಲ್ಲ. ಅಮ್ಮ ಅದನ್ನು ಮರೆತವಳೂ ಅಲ್ಲ.

ನಿವೃತ್ತಿಯಾಗಿ ಬಹಳ ಕಾಲವಾಗಿದ್ದ ಅಪ್ಪ ಈಗ ಒರಗು ಕುರ್ಚಿಯಲ್ಲಿ ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೂತಿದ್ದ. ತೊಡೆಯಿಂದ ಪಾದದವರೆಗೆ ಪ್ಲಾಸ್ಟರು. ಅದೇ ಸ್ಟೂಲು ಹತ್ತಿ ಬಲ್ಬು ಬದಲಿಸಲು ಹೋಗಿ ಬಿದ್ದಿದ್ದ. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟು ಇಲ್ಲ. "ಬೇಡ ಬೇಡ ಅಂದರೂ ಹತ್ತಿದರು. ಈಗ ಬಲ್ಬೂ ಇಲ್ಲ, ಕಾಲೂ ಇಲ್ಲ" ಅಂತ ಅಮ್ಮ ಬಂದವರಿಗೆಲ್ಲ ವರದಿ ಒಪ್ಪಿಸುತ್ತಿದ್ದಳು.

ಆ ದಿನ ಬೆಳಿಗ್ಗೆ ಬಂದವರು ಹಿಂದಿನ ಬೀದಿಯ ಟೈಲರಮ್ಮ. ಹೆಗಲಿಗೆ ಬಟ್ಟೆ ಚೀಲ, ಕುತ್ತಿಗೆಗೆ ಅಳತೆ ಪಟ್ಟಿ, ಕೈಯಲ್ಲಿ ನಾಲ್ಕು ಹಾಳೆಯ ಒಂದು ಹಳೆಯ ಕಾಗದ. ಅವರು ಬದುಕುವುದೂ ಹೊಲಿಯುವುದೂ ಒಂದೇ ಕೋಣೆಯಲ್ಲಿ; ಅದು ಅವರ ಅಣ್ಣನ ಮನೆಯ ಮುಂಗೋಣೆ. ತಂಗಿ ಬದುಕಿರುವವರೆಗೆ ಆ ಕೋಣೆ ಅವಳದು ಅಂತ ಅಣ್ಣ ಪ್ರಮಾಣ ಮಾಡಿ ಬರೆದುಕೊಟ್ಟಿದ್ದ ಕಾಗದ ಅದು. ಬರೆದುಕೊಟ್ಟದ್ದು ಜರಡಿಯ ಅಪ್ಪನ ಎದುರಿನಲ್ಲಿ. ಈಗ ಅಣ್ಣ ಇಲ್ಲ. ಅಣ್ಣನ ಮಕ್ಕಳು ಈ ಕಾಗದವೇ ಸುಳ್ಳು, ಮುದ್ರೆ ಯಾರೋ ಕೊರೆಸಿದ್ದು ಅಂತ ಕೋರ್ಟಿಗೆ ಹೋಗಿದ್ದರು. ಹಳೆಯ ನೋಟರಿಗಳ ರಿಜಿಸ್ಟರುಗಳೆಲ್ಲ ಸರಕಾರದ ಉಗ್ರಾಣದಲ್ಲಿ ನೀರು ನುಗ್ಗಿ ಮುದ್ದೆಯಾಗಿ ಹೋಗಿದ್ದವು. ಹಾಗಾಗಿ ಕೋರ್ಟು ಹೇಳಿತ್ತು: ಮುದ್ರೆ ಹಾಕಿದ ನೋಟರಿ ಬದುಕಿದ್ದಾರಲ್ಲ, ಅವರೇ ಪ್ರಮಾಣ ಮಾಡಿ ಹೇಳಲಿ. ಅವರ ಅಫಿಡವಿಟ್ಟು ಇವತ್ತು ಸಂಜೆ ಐದರೊಳಗೆ ಕೋರ್ಟಿನ ಜಾಲತಾಣಕ್ಕೆ ಸೇರಬೇಕು. ಸೇರದಿದ್ದರೆ ನಾಳೆಯ ವಿಚಾರಣೆಯಲ್ಲಿ ಕಾಗದವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯದಿದ್ದರೆ ಟೈಲರಮ್ಮ ಹೊಲಿಗೆ ಯಂತ್ರ ಹೊತ್ತುಕೊಂಡು ಬೀದಿಗೆ ಇಳಿಯಬೇಕು.

ಜರಡಿ ಬೆರಳ ನೆಟಿಗೆ ಮುರಿದುಕೊಂಡು ಬರೆಯಲು ಕೂತಳು.

"ನಮ್ಮಣ್ಣನ ನೆನಪಿಲ್ವಾ ಸ್ವಾಮಿ?" ಟೈಲರಮ್ಮ ಕುರ್ಚಿಯ ತುದಿಗೆ ಬಂದು ಕೇಳಿದರು. "ಎತ್ತರದ ಆಳು. ಮಾತಿಗೆ ಮೊದಲು ಒಂದು ಸಲ ಕೆಮ್ಮೋನು."

"ನನ್ನ ಮುಂದೆ ಕೆಮ್ಮಿದೋರು ಒಬ್ರಾ ಇಬ್ರಾ ತಾಯಿ?" ಅಂದ ಅಪ್ಪ. "ಮುಖ ನೆನಪಿಗೆ ಬರ್ತಿಲ್ಲ."

"ಕೊಡೆ ಬಿಟ್ಟು ಬಂದಿದ್ದ ನಿಮ್ಮ ಆಫೀಸಲ್ಲಿ. ಮಾರನೇ ದಿನ ಹೋಗಿ ತಂದ."

"ನನ್ನ ಆಫೀಸಲ್ಲಿ ಬಿಟ್ಟುಹೋದ ಕೊಡೆ ಜೋಡಿಸಿದ್ರೆ ಒಂದು ಅಂಗಡಿ ಇಡಬಹುದಿತ್ತು."

ಟೈಲರಮ್ಮ ಜರಡಿಯ ಕಡೆ ತಿರುಗಿದರು. "ಮೇಡಂ, ನೀವಾದ್ರೂ ಹೇಳಿ. ಚೆನ್ನಾಗಿ ನೆನಪಿದೆ ಅಂತ ಒಂದು ಸಾಲು ಬರೆದ್ರೆ ಯಾರ ಗಂಟು ಹೋಗುತ್ತೆ?"

"ನನ್ನ ಗಂಟು ಹೋಗುತ್ತೆ" ಅಂದ ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಇಷ್ಟು ವರ್ಷ ಕಟ್ಟಿಟ್ಟುಕೊಂಡಿರೋದು ಅದೊಂದೇ ಗಂಟು. ಕೊಡಿ ಇಲ್ಲಿ, ಕಾಗದ ನೋಡೋಣ."

ಕಾಗದ ಕೈಗೆ ಬಂದೊಡನೆ ಅಪ್ಪನ ಬೆರಳುಗಳಿಗೆ ಹಳೆಯ ಚುರುಕು ಬಂತು. ನಾಲ್ಕೂ ಹಾಳೆ ಜೋಡಿಸಿದ, ಅಂಚು ತಟ್ಟಿದ, ಕಿಟಕಿಗೆ ಹಿಡಿದ. ಬೆಳಕು ಮೂರು ಕಡೆ ತೂರಿ ಬಂತು. ಮೇಜಿನ ಖಾನೆಯಿಂದ ದಬ್ಬಣ ತೆಗೆಸಿ ಮೆಲ್ಲಗೆ ಒಂದೊಂದೇ ತೂತಿನಲ್ಲಿ ಇಳಿಸಿದ. ಮೂರರಲ್ಲೂ ಅದು ಎಲ್ಲೂ ತಡೆಯದೆ ಎಲ್ಲ ಹಾಳೆಗಳನ್ನೂ ದಾಟಿ ಹೋಯಿತು. "ಆಳು ನೆನಪಿಲ್ಲ. ಆದರೆ ಈ ಕೈ ನನ್ನದೇ. ಬರಿಯೇ, ಮಗಳೇ."

ಅವಳು ಬರೆದಳು. ಪ್ರಮಾಣ ಮಾಡಿದ ವ್ಯಕ್ತಿಯ ಮುಖ ನನಗೆ ನೆನಪಿಲ್ಲ ಅಂತ ಒಂದು ಪ್ಯಾರಾ. ಸಹಿಯನ್ನೂ ಮುದ್ರೆಯನ್ನೂ ನನ್ನವೆಂದು ಗುರುತಿಸುತ್ತೇನೆ ಅಂತ ಒಂದು. ನಾನು ಮುದ್ರೆ ಹಾಕಿದ ಪ್ರತಿ ಕಾಗದದಲ್ಲೂ ಮೂರು ತೂತು ಚುಚ್ಚುವುದು ನನ್ನ ರೂಢಿ, ಈ ಕಾಗದದ ಎಲ್ಲ ಹಾಳೆಗಳಲ್ಲೂ ಅವು ಒಂದಕ್ಕೊಂದು ಕೂಡುತ್ತವೆ, ನಾನೇ ದಬ್ಬಣ ಇಳಿಸಿ ನೋಡಿದ್ದೇನೆ ಅಂತ ಐದನೆಯದು. ಇದರೊಡನೆ ಲಗತ್ತಿಸಿದ ಚಿತ್ರ ಆ ಕಾಗದದ ಯಥಾರ್ಥ ನಕಲು ಅಂತ ಕೊನೆಯದು. ಅಪ್ಪ ನಡುನಡುವೆ ತನ್ನ ಸೇವೆಯ ಚರಿತ್ರೆ ಸೇರಿಸಲು ನೋಡಿದ. ಅದು ಜರಡಿಯ ಮೇಲೇ ಉಳಿಯಿತು. ಮುಖ ನೆನಪಿಲ್ಲ ಅನ್ನುವ ಪ್ಯಾರಾ ಓದಿದಾಗ ಟೈಲರಮ್ಮ ತಲೆ ಮೇಲೆ ಕೈ ಹೊತ್ತರು.

"ಇದು ನಿಮ್ಮ ಪರವಾಗಿಯೇ ಇದೆ" ಅಂದಳು ಜರಡಿ. "ಇಲ್ಲ ಅನ್ನೋದನ್ನ ಇಲ್ಲ ಅಂದವರು ಹೌದು ಅಂದರೆ ಅದಕ್ಕೆ ತೂಕ ಬರುತ್ತೆ."

ಆಮೇಲೆ ಕಾಗದದ ಚಿತ್ರ. ಹಾಳೆಗಳು ಹಳದಿಗಟ್ಟಿದ್ದವು. ಮಡಿಕೆಗಳು, ಹೊಲಿಗೆ ಯಂತ್ರದ ಎಣ್ಣೆ ಕಲೆ, ಎಲ್ಲೆಲ್ಲೋ ಸಣ್ಣ ಸಣ್ಣ ಮಚ್ಚೆ. ಅವಳು ಕ್ಯಾಮೆರಾದ ಕೆಳಗೆ ಒಂದೊಂದೇ ಹಾಳೆ ಇಟ್ಟು ಚಿತ್ರ ತೆಗೆದಳು. ಪ್ರತಿ ಗಿರಾಕಿಗೆ ಮಾಡುವಂತೆ ಇದಕ್ಕೂ ಶುಚಿ ಮಾಡುವ ಗುಂಡಿ ಒತ್ತಿದಳು. ಕ್ಷಣಾರ್ಧದಲ್ಲಿ ಹಾಳೆ ಬೆಳ್ಳಗಾಯಿತು, ಅಕ್ಷರ ಕಪ್ಪಗೆ ಎದ್ದು ನಿಂತವು.

"ಅಬ್ಬ, ಈಗ ತಾನೇ ಇಸ್ತ್ರಿ ಮಾಡಿದ ಹಾಗಿದೆ" ಅಂದರು ಟೈಲರಮ್ಮ. ಕಾಗದ ಚೀಲಕ್ಕೆ ಹಾಕಿಕೊಂಡು, ಹೊಲಿಗೆ ಬಾಕಿಯಿದೆ ಅಂತ ಹೊರಟರು. ಜರಡಿಗೂ ಒಳಗೊಳಗೇ ಹೆಮ್ಮೆ. ಅವಳ ಕಡತಗಳು ಅಚ್ಚುಕಟ್ಟು ಅನ್ನುವುದು ಕೋರ್ಟಿನ ಗುಮಾಸ್ತರವರೆಗೂ ತಿಳಿದ ವಿಷಯ.

ಸ್ವಂತ ಅಪ್ಪನ ಪ್ರಮಾಣಕ್ಕೆ ಮಗಳು ಮುದ್ರೆ ಹಾಕುವ ಹಾಗಿಲ್ಲ. ಅದಕ್ಕಾಗಿ ಅವಳು ದೂರದ ಇನ್ನೊಂದು ನಗರದ ನೋಟರಿಯ ಸಮಯ ಕೇಳಿ ಇಟ್ಟುಕೊಂಡಿದ್ದಳು. ಪರಿಚಯದವರು ಯಾರೂ ಬೇಡ ಅಂತ ಹುಡುಕಿ ಹುಡುಕಿ, ಆ ವಲಯದಲ್ಲಿ ಕಬ್ಬಿಣದ ಕಡಲೆ ಅಂತ ಹೆಸರಾದವರನ್ನೇ ಆರಿಸಿದ್ದಳು. ನಾಳೆ ಯಾರೂ ಅಪ್ಪನ ಕೆಲಸ ಸಲೀಸಾಗಿ ಆಯಿತು ಅನ್ನಬಾರದು.

ಮಧ್ಯಾಹ್ನ ಅಮ್ಮ ಅಪ್ಪನ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿದಳು. ಸೊಂಟದಿಂದ ಮೇಲೆ ಹಳೆಯ ನೋಟರಿ, ಕೆಳಗೆ ಚಡ್ಡಿ ಮತ್ತು ಪ್ಲಾಸ್ಟರು. "ಎದ್ದು ನಿಲ್ಲಿ ಅಂದರೆ ಮಾತ್ರ ಒಪ್ಕೋಬೇಡಿ" ಅಂತ ಎಚ್ಚರಿಸಿ ಅಡುಗೆಮನೆಗೆ ಹೋದಳು.

ತೆರೆಯ ಮೇಲೆ ಕಡಲೆಯವರು ಬಂದರು. ಸಣ್ಣ ಮೀಸೆ, ದಪ್ಪ ಕನ್ನಡಕ, ನೆಗಡಿ ಹಿಡಿದ ದನಿ. ಗುರುತಿನ ಚೀಟಿಯನ್ನು ಮುಖದ ಪಕ್ಕ ಹಿಡಿಸಿದರು. ಕ್ಯಾಮೆರಾ ತಿರುಗಿಸಿ ಕೋಣೆಯ ನಾಲ್ಕೂ ಗೋಡೆ ತೋರಿಸಿ ಅಂದರು. "ಅಲ್ಲಿ ಕೂತಿರೋರು ಯಾರು?"

"ನನ್ನ ಮಗಳು. ಕಾಗದ ಸಿದ್ಧ ಮಾಡಿದವಳು. ಅವಳೂ ನೋಟರಿ."

"ಹಾಗಾದ್ರೆ ಅವರಿಗೆ ಗೊತ್ತಿರುತ್ತೆ. ಮೇಡಂ, ಆ ಗೋಡೆ ಪಕ್ಕದ ಕುರ್ಚಿಯಲ್ಲಿ, ನನಗೆ ಕಾಣೋ ಹಾಗೆ ಕೂತ್ಕೊಳ್ಳಿ. ಎರಡೂ ಕೈ ಮಡಿಲಲ್ಲಿರಲಿ. ನೀವು ಒಂದು ಮಾತಾಡಿದ್ರೂ, ತಲೆ ಆಡಿಸಿದ್ರೂ ಈ ಕಲಾಪ ಅಲ್ಲಿಗೆ ರದ್ದು."

ಜರಡಿ ಕೂತಳು. ತಾನೇ ಎಷ್ಟೋ ಜನರಿಗೆ ಹೇಳಿದ ಮಾತು, ಕೇಳಿಸಿಕೊಂಡಾಗ ಬೇರೆಯದೇ ರುಚಿ.

ಅವರು ಪ್ಯಾರಾ ಪ್ಯಾರಾ ಓದಿ ಒಪ್ಪಿಗೆಯೇ ಅಂತ ಕೇಳುತ್ತ ಹೋದರು. ಅಪ್ಪ ಒಂದೊಂದಕ್ಕೂ ನಿಧಾನವಾಗಿ ಹೌದು ಅನ್ನುತ್ತ ಹೋದ. ಕೊನೆಯಲ್ಲಿ ಲಗತ್ತಿಸಿದ ಚಿತ್ರ ತೆರೆಯ ಮೇಲೆ ಬಂತು. ಬೆಳ್ಳಗೆ, ಅಚ್ಚುಕಟ್ಟಾಗಿ.

"ಇದು ಆ ಕಾಗದದ ನಕಲು ತಾನೇ?"

ಅಪ್ಪ ಮುಂದೆ ಬಾಗಿದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ. "ಸಹಿ ಹತ್ತಿರ ದೊಡ್ಡದು ಮಾಡ್ತೀರಾ?"

ದೊಡ್ಡದಾಯಿತು.

"ಇನ್ನೂ."

ಸಹಿಯ ಬಾಲ ತೆರೆಯ ಉದ್ದಕ್ಕೂ ಹರಿಯಿತು. ಅದರ ಪಕ್ಕದಲ್ಲಿ ಬಿಳುಪು, ಬರೀ ಬಿಳುಪು.

"ಅಲ್ಲ" ಅಂದ ಅಪ್ಪ.

ಆ ಬಿಳುಪನ್ನು ಜರಡಿಯೂ ನೋಡಿದಳು, ನೋಡಿದ ತಕ್ಷಣ ಅರ್ಥವಾಯಿತು. ಶುಚಿ ಮಾಡುವ ಗುಂಡಿ. ಅದಕ್ಕೆ ಮಚ್ಚೆಯೂ ಒಂದೇ, ತೂತೂ ಒಂದೇ. ಕಾಗದದ ಕೊಳೆ ಅಂತ ಅಪ್ಪನ ಗುರುತನ್ನೇ ತೊಳೆದುಹಾಕಿತ್ತು. ಒತ್ತಿದ ಬೆರಳು ಅವಳದು. ಆ ಬೆರಳು ಈಗ ಮಡಿಲಲ್ಲಿ ಕೂತಿತ್ತು. ಅಪ್ಪಾ, ಅದು ಅದೇ ಕಾಗದ ಅಂತ ಒಂದು ಉಸಿರು ಬಿಟ್ಟರೂ ಎಲ್ಲ ಮುಗಿಯುತ್ತಿತ್ತು.

"ಅಲ್ಲ ಅಂದ್ರೆ?" ಕಡಲೆಯವರು ಕೇಳಿದರು. "ಸಹಿ ನಿಮ್ಮದಲ್ವಾ?"

"ನನ್ನದರ ಹಾಗಿದೆ."

"ಮುದ್ರೆ?"

"ಅದೂ ನನ್ನದರ ಹಾಗೇ ಇದೆ. ಆದರೆ ಐದನೇ ಪ್ಯಾರಾದಲ್ಲಿ ಮೂರು ತೂತಿದೆ ಅಂತ ಹೇಳಿರೋನು ನಾನೇ. ಇಲ್ಲಿ ಒಂದೂ ಇಲ್ಲ. ಇದು ಅದರ ನಕಲು ಅಂತ ನಾನು ಪ್ರಮಾಣ ಮಾಡಲ್ಲ."

"ಯಜಮಾನ್ರೇ, ಚಿತ್ರ ತೆಗೆದದ್ದು ನಿಮ್ಮ ಮಗಳು. ಅವರು ಕಾಗದ ಬದಲಾಯಿಸಿದ್ದಾರೆ ಅಂತೀರಾ?"

"ನನ್ನ ಮಗಳು ಬದಲಾಯಿಸೋಳಲ್ಲ" ಅಂದ ಅಪ್ಪ, ಜರಡಿಯ ಕಡೆ ಕಣ್ಣೂ ಹಾಯಿಸದೆ. "ಆದರೆ ಅದು ನಾನು ಅಂದುಕೊಂಡಿರೋದು. ಅಂದುಕೊಂಡದ್ದರ ಮೇಲೆ ಪ್ರಮಾಣ ಮಾಡಕ್ಕಾಗಲ್ಲ ಸಾರ್. ಕಂಡದ್ದರ ಮೇಲೆ ಮಾತ್ರ."

ಜರಡಿ ಕೈಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಪ್ಲಾಸ್ಟರು ಕಾಲಿನ, ಚಡ್ಡಿಯ ಈ ಮುದುಕ ತನ್ನ ಮುದ್ರೆಯನ್ನೂ ಮಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಎರಡಕ್ಕೂ ಎಳ್ಳಷ್ಟೂ ರಿಯಾಯಿತಿ ಕೊಡದೆ ಕೂತಿದ್ದ. ಅವಳು ಹೆಸರು ಮಾಡಿದ ಪದ್ಧತಿ ಅವಳ ಮನೆಯಲ್ಲೇ, ಅವಳಿಗೇ ತಿರುಗಿ ಬಂದು ಬಾಗಿಲು ತಟ್ಟಿತ್ತು.

ಪ್ರಮಾಣ ಆಗಲಿಲ್ಲ ಅಂತ ದಾಖಲಿಸಿ ಕಡಲೆಯವರು ಕಲಾಪ ಮುಗಿಸಿದರು. ಆಮೇಲೆ ಮೂಗು ಒರೆಸಿಕೊಂಡು, "ಈಗ ಮಾತಾಡಿ ಮೇಡಂ" ಅಂದರು.

"ತಪ್ಪು ನನ್ನದು ಸಾರ್. ಚಿತ್ರ ಶುಚಿ ಮಾಡೋವಾಗ ತೂತು ಅಳಿಸಿಹೋಗಿದೆ. ಮೂಲ ಕಾಗದ ಹಿಂದಿನ ಬೀದಿಯಲ್ಲೇ ಇದೆ. ಮತ್ತೆ ತೆಗೀತೀನಿ."

"ಹೊಸ ಚಿತ್ರ ಅಂದ್ರೆ ಹೊಸ ಕಡತ, ಹೊಸ ಕಲಾಪ. ಸಂಜೆವರೆಗೆ ನನ್ನ ಮುಂದೆ ಜನ ಇದ್ದಾರೆ." ಅವರು ಪಕ್ಕಕ್ಕೆ ತಿರುಗಿ ಏನೋ ನೋಡಿದರು. "ನಾಲ್ಕರ ಮೇಲೆ ಸ್ವಲ್ಪ ಹೊತ್ತು ನಾನು ಚಹಾ ಕುಡಿಯೋದು. ಅದನ್ನ ನಿಮಗೆ ಕೊಡ್ತೀನಿ. ತಡವಾದ್ರೆ ಮಾತ್ರ ನಾನು ಚಹಾ ಕುಡೀತೀನಿ."

ತೆರೆ ಕಪ್ಪಾಯಿತು. ಅಪ್ಪ ಈಗ ಮಗಳ ಕಡೆ ತಿರುಗಿದ. "ತೊಳೆದುಬಿಟ್ಯೇನೇ?"

"ತೊಳೆದುಬಿಟ್ಟೆ ಅಪ್ಪಾ."

"ಚೆನ್ನಾಗೇ ತೊಳೆದಿದ್ದೀಯ" ಅಂದ ಅಪ್ಪ. ಅಷ್ಟೇ ಅಂದದ್ದು.

ಜರಡಿ ಫೋನು ಮಾಡಿದ ಸ್ವಲ್ಪ ಹೊತ್ತಿಗೆ ಟೈಲರಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲೇ ನಿಂತು ಅಪ್ಪನನ್ನು ನೋಡಿದರು. "ಅಲ್ಲ ಅಂದ್ರಂತೆ. ಬೆಳಿಗ್ಗೆ ಸೂಜಿ ಹಾಕಿ ನೋಡಿ ನನ್ನ ಕೈ ಅಂದೋರು, ಮಧ್ಯಾಹ್ನ ಅಲ್ಲ ಅಂದ್ರಂತೆ. ನಮ್ಮಣ್ಣನ ಮಕ್ಕಳು ಬಂದು ನಿಮ್ಮ ತಲೆ ತಿರುಗಿಸಿದ್ರಾ ಸ್ವಾಮಿ?"

ಜರಡಿ ಮುಂದೆ ಬಂದಳು. "ಬೈಯೋದಿದ್ರೆ ನನಗೆ ಬೈಯಿರಿ. ಅವರು ಹೌದು ಅಂದಿದ್ರೆ ಏನಾಗ್ತಿತ್ತು ಗೊತ್ತಾ? ನಾಳೆ ನಿಮ್ಮ ಅಣ್ಣನ ಮಕ್ಕಳ ವಕೀಲರು ಎದ್ದು ನಿಂತು, ಬರಹದಲ್ಲಿ ತೂತಿದೆ, ಚಿತ್ರದಲ್ಲಿ ಇಲ್ಲ, ಯಾವುದು ನಿಜ ಅಂತ ಕೇಳೋರು. ಇವರ ಮಾತೂ ಹೋಗ್ತಿತ್ತು, ನಿಮ್ಮ ಕೋಣೆಯೂ ಹೋಗ್ತಿತ್ತು. ಅದನ್ನ ತಪ್ಪಿಸಿದ್ದು ಆ ‘ಅಲ್ಲ’ ಅನ್ನೋ ಒಂದು ಮಾತು."

ಟೈಲರಮ್ಮ ಅದನ್ನು ಮನಸ್ಸಿನಲ್ಲಿ ಅಳೆದುನೋಡಿದರು. ಆಮೇಲೆ ಚೀಲದಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟರು. "ಒಂದು ಸಲ ಅಳತೆ ತಪ್ಪಿದ್ರೆ ನಾನೂ ಹೊಲಿಗೆ ಬಿಚ್ಚೇ ಬಿಚ್ತೀನಿ. ತೆಗೀರಿ."

ಜರಡಿ ಶುಚಿಯ ಗುಂಡಿಯ ತಂಟೆಗೇ ಹೋಗಲಿಲ್ಲ. ಚಿತ್ರ ತೆಗೆದಳು. ಎಣ್ಣೆ ಕಲೆ ಬಂತು, ಮಡಿಕೆ ಬಂತು, ಹಳದಿ ಬಂತು. ತೂತು ಬರಲಿಲ್ಲ. ದೀಪ ಎಡಕ್ಕೆ ಬಗ್ಗಿಸಿದಳು, ಬಲಕ್ಕೆ ಬಗ್ಗಿಸಿದಳು. ಇಲ್ಲ. ಹಾಳೆ ಎತ್ತಿ ಕಿಟಕಿಗೆ ಹಿಡಿದರೆ ಮೂರೂ ತೂತು ನಗುತ್ತಿದ್ದವು. ಮೇಜಿನ ಮೇಲಿಟ್ಟರೆ ಮಾಯ. ಗಡಿಯಾರದ ಕಡೆ ನೋಡಬಾರದು ಅಂತ ನಿರ್ಧರಿಸಿ ಅವಳು ಕೈ ಕಟ್ಟಿ ನಿಂತಳು. ಕಾಲೇಜಿನಲ್ಲಿ ಪ್ರಯೋಗ ಕೈಕೊಟ್ಟಾಗ ನಿಲ್ಲುತ್ತಿದ್ದ ಹಾಗೆ. ತೂತು ಅನ್ನುವುದು ವಸ್ತುವಲ್ಲ. ಅದು ಕಾಣುವುದಿಲ್ಲ, ಅದರ ಹಿಂದೆ ಇರುವುದು ಕಾಣುತ್ತದೆ. ಹಿಂದೆ ಏನಿದೆ? ಬಿಳಿ ಮೇಜು. ತೂತಿನೊಳಗೆ ಇಳಿದ ಬೆಳಕು ಬಿಳಿ ಮೇಜಿಗೆ ತಾಗಿ ಬಿಳುಪಾಗಿಯೇ ವಾಪಸು ಬರುತ್ತಿದೆ.

"ಬೆಳಕು ನುಂಗೋದು ಏನಾದ್ರೂ ಬೇಕು" ಅಂದಳು. "ಕಪ್ಪಗಿರೋದು. ಹೊಳಪು ಇರಬಾರದು."

ಅಮ್ಮ ಒಳಗಿನಿಂದ ಬಾಣಲೆ ಹಿಡಿದುಕೊಂಡು ಬಂದಳು. "ಇದಾಗುತ್ತಾ?"

"ಕಾಗದಕ್ಕೆ ಇನ್ನೊಂದು ಎಣ್ಣೆ ಕಲೆ ಬೇಡಮ್ಮ."

ಟೈಲರಮ್ಮ ಅಷ್ಟರಲ್ಲಿ ಚೀಲಕ್ಕೆ ಕೈ ಹಾಕಿದ್ದರು. ಮೊಣಕೈವರೆಗೆ ಹುಡುಕಿ ಮಡಿಸಿದ ಕಪ್ಪು ಬಟ್ಟೆಯೊಂದನ್ನು ಎಳೆದರು. "ಕೋಟಿನ ಒಳಬಟ್ಟೆ, ಹತ್ತಿದು. ನಾಳೆ ಕೊಡಬೇಕಾದ್ದು. ವಕೀಲರೊಬ್ಬರದ್ದು." ಸ್ವಲ್ಪ ತಡೆದು ಸೇರಿಸಿದರು: "ನಮ್ಮಣ್ಣನ ಮಕ್ಕಳ ವಕೀಲರದ್ದೇ ಅಂತ ಕಾಣುತ್ತೆ. ಅಳತೆ ಕೊಟ್ಟು ಹೋಗೋವಾಗ ನಾನು ಯಾರು ಅಂತ ಅವರಿಗೂ ಗೊತ್ತಿರಲಿಲ್ಲ."

ಅಪ್ಪ ಕುರ್ಚಿಯಲ್ಲೇ ಕುಲುಕಿ ಕುಲುಕಿ ನಕ್ಕ. ಕಾಲು ನೋವಾಗುತ್ತೆ ಅಂತ ಅಮ್ಮ ಬೈದಳು.

ಬಟ್ಟೆ ಹಾಸಿ, ಸುಕ್ಕು ತೆಗೆದು, ಮೇಲೆ ಮೊದಲ ಹಾಳೆ ಇಟ್ಟಳು. ತೆರೆಯ ಮೇಲೆ, ಸಹಿಯ ಪಕ್ಕದಲ್ಲಿ, ಮೂರು ಕಪ್ಪು ಚುಕ್ಕಿ ಮೂಡಿದವು. ಎರಡು ಹತ್ತಿರ, ಒಂದು ದೂರ. ಎರಡನೇ ಹಾಳೆಯಲ್ಲೂ ಅವೇ. ಮೂರನೆಯದರಲ್ಲೂ, ಕೊನೆಯದರಲ್ಲೂ ಅಲ್ಲಿಯೇ.

"ಕಲೆ ಎಲ್ಲ ಕಾಣ್ತಿದೆ ಮೇಡಂ" ಅಂದರು ಟೈಲರಮ್ಮ ಸಂಕೋಚದಿಂದ. "ಕೋರ್ಟಿನೋರು ಏನಂದ್ಕೋತಾರೋ."

"ಹೊಲಿಗೆ ಯಂತ್ರದ ಪಕ್ಕದಲ್ಲಿ ಬಾಳಿದ ಕಾಗದ ಅಂದ್ಕೋತಾರೆ. ಇರಲಿ ಬಿಡಿ."

ಬರಹಕ್ಕೆ ಒಂದು ಪ್ಯಾರಾ ಸೇರಿತು: ಲಗತ್ತಿಸಿದ ಚಿತ್ರವನ್ನು ಕಪ್ಪು ಬಟ್ಟೆಯ ಮೇಲಿಟ್ಟು ತೆಗೆಯಲಾಗಿದೆ, ಯಾವ ಬದಲಾವಣೆಯನ್ನೂ ಮಾಡಿಲ್ಲ, ಇದನ್ನು ನಾನು ಎದುರಿಗೆ ಕೂತು ನೋಡಿದ್ದೇನೆ. ಅಪ್ಪ ಅದನ್ನು ಓದಿ, "ಎದುರಿಗೆ ಅಲ್ಲ, ಪಕ್ಕದಲ್ಲಿ" ಅಂತ ತಿದ್ದಿಸಿದ.

ಕಡಲೆಯವರು ತೆರೆಗೆ ಬಂದಾಗ ಅವರ ಕೈಯಲ್ಲಿ ಚಹಾದ ಲೋಟ ಇತ್ತು. ಅದನ್ನು ಕ್ಯಾಮೆರಾದ ಆಚೆ ಇಟ್ಟರು. ಮತ್ತೆ ಗುರುತಿನ ಚೀಟಿ, ಮತ್ತೆ ನಾಲ್ಕು ಗೋಡೆ. ಜರಡಿ ಹೇಳಿಸಿಕೊಳ್ಳದೆ ತನ್ನ ಕುರ್ಚಿಗೆ ಹೋಗಿ ಕೈ ಮಡಿಲಿಗೆ ಹಾಕಿಕೊಂಡಳು. ಮತ್ತೆ ಪ್ಯಾರಾ ಪ್ಯಾರಾ ಓದಿದರು. ಅರ್ಧಂಬರ್ಧ ಓದುವ ಜಾಯಮಾನ ಅವರದಲ್ಲ. ಚಹಾ ಎಲ್ಲೋ ಆರಿ ತಣ್ಣಗಾಗುತ್ತಿತ್ತು. ಕೊನೆಗೆ ಚಿತ್ರ.

ಅಪ್ಪ ಬಾಗಿದ. "ದೊಡ್ಡದು ಮಾಡಿ." ಮಾಡಿದರು. "ಮುಂದಿನ ಹಾಳೆ." ತೋರಿಸಿದರು. ನಾಲ್ಕೂ ಹಾಳೆ ನೋಡಿ ಅಪ್ಪ ಹಿಂದಕ್ಕೆ ಒರಗಿದ.

"ಇದು ಹೌದು."

ಅಪ್ಪ ಪ್ರಮಾಣದ ಮಾತು ಹೇಳಿದ. ಲಕ್ಷಾಂತರ ಜನರ ಬಾಯಲ್ಲಿ ಸವೆದುಹೋದ ಮಾತು. ಅವನ ಬಾಯಲ್ಲಿ ಒಂದೊಂದು ಪದವೂ ಈಗ ತಾನೇ ಅಚ್ಚಿನಿಂದ ಬಿದ್ದ ಹಾಗೆ ಕೇಳಿಸಿತು. ಗಾಜಿನ ಮೇಲೆ ಬೆರಳಿನಿಂದ ಸಹಿ ಮಾಡಿದ. ಬಾಲ ಉದ್ದವಾಗಿ ಹರಿಯಿತು. ಕೆಳಗೆ ಕಡಲೆಯವರ ನೀಲಿ ಮುದ್ರೆ ಬಂದು ಕೂತಿತು, ಬೆಕ್ಕು ನಡೆದ ಹಾಗೆ.

ಕಲಾಪ ಮುಗಿದ ಮೇಲೂ ಕಡಲೆಯವರು ಹೋಗಲಿಲ್ಲ. "ಯಜಮಾನ್ರೇ, ನನ್ನ ಹತ್ರ ಬರೋರು ಹೌದು ಹೌದು ಅಂತ ತಲೆ ಆಡಿಸೋ ಭರದಲ್ಲಿ ಏನು ಓದ್ತಿದ್ದೀನಿ ಅಂತಾನೂ ಕೇಳಿಸ್ಕೊಳ್ಳಲ್ಲ. ತನ್ನ ಕಡೆಯ ಕಾಗದಕ್ಕೇ ಅಲ್ಲ ಅಂದೋರನ್ನ ಇವತ್ತೇ ನೋಡಿದ್ದು. ಎಲ್ಲಿ ಕಲಿತ್ರಿ?"

ಅಪ್ಪ ಗೋಡೆ ಪಕ್ಕದ ಕುರ್ಚಿಯ ಕಡೆ ಹೆಬ್ಬೆರಳು ತೋರಿಸಿದ. "ಅಲ್ಲಿ. ನಾನು ಹಳೇ ಕಾಲದೋನು ಸಾರ್, ಬಾಯಿ ಜಾಸ್ತಿ. ಅವಳು ಬಂದ ಮೇಲೆ ಜರಡಿ ಹಿಡಿಯೋದು ಕಲಿತೆ."

ಅಷ್ಟು ವರ್ಷಗಳಲ್ಲಿ ಆ ಹೆಸರನ್ನು ಅಪ್ಪ ಹೊರಗಿನವರ ಮುಂದೆ ಹೇಳಿದ್ದು ಅದೇ ಮೊದಲು. ಕಲಾಪ ಮುಗಿದಿದ್ದರೂ ಜರಡಿಯ ಕೈ ಇನ್ನೂ ಮಡಿಲಲ್ಲೇ ಇತ್ತು.

ಕಡತ ಐದರೊಳಗೆ ಕೋರ್ಟಿನ ಜಾಲತಾಣ ಸೇರಿತು. ಸೇರಿದ ರಸೀತಿ ತೆರೆಗೆ ಬಂದಾಗ ಅಪ್ಪ ಮುಷ್ಟಿ ಕಟ್ಟಿ ಕುರ್ಚಿಯ ಕೈಗೆ ಧಪ್ ಅಂತ ಗುದ್ದಿದ. "ಏನದು?" ಅಂತ ಅಮ್ಮ ಒಳಗಿನಿಂದ ಕೇಳಿದಳು. "ಏನಿಲ್ಲ. ಮುದ್ರೆ" ಅಂದ.

ಮಾರನೆಯ ದಿನ ಕೋರ್ಟಿನಲ್ಲಿ ನಡೆದದ್ದನ್ನು ಟೈಲರಮ್ಮ ಬಂದು ಅಭಿನಯಿಸಿ ತೋರಿಸಿದರು. ಅಣ್ಣನ ಮಕ್ಕಳ ವಕೀಲರು, ಮುಖವೇ ನೆನಪಿಲ್ಲ ಅನ್ನುವ ನೋಟರಿಯ ಸಾಕ್ಷಿ ಎಂಥ ಸಾಕ್ಷಿ ಅಂತ ಎದ್ದು ನಿಂತರಂತೆ. ನ್ಯಾಯಾಧೀಶರು ಮೂಲ ಕಾಗದ ತರಿಸಿಕೊಂಡು, ಹಾಳೆಗಳನ್ನು ಜೋಡಿಸಿ, ಕುರ್ಚಿ ತಿರುಗಿಸಿ ಕಿಟಕಿಗೆ ಹಿಡಿದರಂತೆ. ತುಂಬ ಹೊತ್ತು ನೋಡಿದರಂತೆ. ಆಮೇಲೆ ವಕೀಲರನ್ನೇ ಕರೆದು ನೀವೂ ನೋಡಿ ಅಂದರಂತೆ. "ನೆನಪಿಲ್ಲ ಅಂತ ಬರೆದುಕೊಟ್ಟವರು ಸುಳ್ಳು ಹೇಳೋದಿದ್ರೆ ಮೊದಲು ನೆನಪಿದೆ ಅಂತಲೇ ಹೇಳ್ತಿದ್ರು" ಅಂದರಂತೆ. ಕಾಗದ ನಿಂತಿತು. ಕೋಣೆಯೂ ನಿಂತಿತು.

"ಕೋಟು ಕೊಟ್ರಾ ಅವರಿಗೆ?" ಅಪ್ಪ ಕೇಳಿದ.

"ಕೊಟ್ಟೆ. ಒಳಬಟ್ಟೆ ಹೊಸದು ಹಾಕಿ ಕೊಟ್ಟೆ." ಟೈಲರಮ್ಮ ಚೀಲದಿಂದ ಅದೇ ಕಪ್ಪು ಬಟ್ಟೆ ತೆಗೆದರು. ಮೇಜಿನ ಅಳತೆಗೆ ಕತ್ತರಿಸಿ, ಅಂಚು ಮಡಿಚಿ ನಾಲ್ಕೂ ಕಡೆ ಹೊಲಿದಿದ್ದರು. "ಇದು ಮೇಡಮ್ಮಿಗೆ. ಇನ್ನು ಏನೂ ತೊಳ್ಕೊಂಡು ಹೋಗಬಾರದು."

ಅಂದಿನಿಂದ ಜರಡಿಯ ಬಿಳಿ ಮೇಜಿನ ಮೇಲೆ ಆ ಬಟ್ಟೆ ಇದೆ. ಯಾವ ಕಾಗದ ಬಂದರೂ ಮೊದಲು ಅದರ ಮೇಲೆ. ಅವಳ ಕಡತಗಳು ಈಗ ಮೊದಲಿನಷ್ಟು ಬೆಳ್ಳಗಿಲ್ಲ. ಕಲೆ, ಮಡಿಕೆ, ಗೆದ್ದಲು ತಿಂದ ಮೂಲೆ, ಎಲ್ಲ ಇದ್ದ ಹಾಗೇ ಹೋಗುತ್ತವೆ. ಇದೇನು ಮೇಡಂ, ಮೊದಲು ಚೆನ್ನಾಗಿರ್ತಿತ್ತಲ್ಲ ಅಂತ ಒಬ್ಬ ಗುಮಾಸ್ತ ಕೇಳಿದಾಗ, "ನಮ್ಮಪ್ಪನ ಪದ್ಧತಿ" ಅಂದಳು. ಹೇಳುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

ಟೈಲರಮ್ಮ ಬಟ್ಟೆ ಕೊಟ್ಟ ಆ ದಿನವೇ ಅಮ್ಮ ಕೋಣೆಗೆ ಬಂದು ಅಪ್ಪನ ಮುಂದೆ ಕೈ ಚಾಚಿದಳು. "ಎಲ್ಲರದ್ದೂ ಇತ್ಯರ್ಥ ಆಯ್ತಲ್ಲ. ಈಗಲಾದ್ರೂ ನನ್ನ ದಬ್ಬಣ ಕೊಡಿ."

ಅಪ್ಪ ದಬ್ಬಣವನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಗಂಭೀರವಾಗಿ ಮಗಳ ಕಡೆ ತಿರುಗಿದ. "ಇದು ಅವಳದೇ ಅನ್ನೋದಕ್ಕೆ ಸಾಕ್ಷಿ ಏನಿದೆ ಅಂತ ಕೇಳೇ, ಜರಡಿ."

"ನಾನು ಮಾತಾಡೋ ಹಾಗಿಲ್ಲ ಅಪ್ಪಾ" ಅಂದಳು ಜರಡಿ. "ಇಬ್ಬರೂ ನನ್ನ ರಕ್ತಸಂಬಂಧಿಗಳು."